ನಾಲ್ಕೂವರೆ ಗಂಟೆಯ ದಾರಿ

ಮಾರ್ಚ್ 3, ಸೋಮವಾರ

ಅಳತೆ ಪುಸ್ತಕದ ಹಿಂದಿನ ಹಾಳೆಯಿಂದ ಬರೀತಿದ್ದೀನಿ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ಹೊಟ್ಟೆಯುರಿ. ಎರಡೂ ಎಲ್ಲೋ ಮಧ್ಯದಲ್ಲಿ ಡಿಕ್ಕಿ ಹೊಡೆದಾಗ ಹೊಸ ಪುಸ್ತಕ ತಗೊಂಡರಾಯಿತು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಮಿಷನ್ನಿಗೆ ಎಣ್ಣೆ ಬಿಡ್ತಾ ಇದ್ದೆ. ಇವರು ಫೋನು ಹಿಡ್ಕೊಂಡು ಬಂದರು. ಬಸ್ಸು ಓಡಿಸೋದು ಬಿಟ್ಟು ಎರಡು ವರ್ಷ ಆಯಿತು, ಹಾರ್ನು ಮಾತ್ರ ಗಂಟಲಲ್ಲೇ ಉಳಿದಿದೆ. "ಏನೇ, ನಿನ್ನ ತಂಗಿಗೆ ಮದುವೆಯಂತೆ!" ಅಂತ ಬೀದಿಗೆಲ್ಲಾ ಕೇಳೋ ಹಾಗೆ ಕೂಗಿದರು. ಎದುರಿನ ಔಷಧಿ ಅಂಗಡಿಯವನು ತಲೆ ಹೊರಗೆ ಹಾಕಿ, "ಯಾರಿಗೆ? ಯಾರಿಗೆ?" ಅಂದ. ಅವನಿಗೂ ಅಷ್ಟು ಬೇಕು.

ಆ ಮಹಾರಾಯ್ತಿಗೆ ಐವತ್ತೆರಡು ವರ್ಷ. ಗಂಡು ಬೇಕರಿಯವನಂತೆ. ಏಪ್ರಿಲ್ ಹನ್ನೊಂದಕ್ಕೆ ರಿಜಿಸ್ಟರ್ ಮದುವೆಯಂತೆ. ಅದನ್ನ ಬರೆದು ಕಳಿಸಬಾರದಾ? ಇಲ್ಲ, ಫೋನಿನಲ್ಲಿ ದನಿ ರೆಕಾರ್ಡು ಮಾಡಿ ಕಳಿಸಿದಾಳೆ. "ಅಕ್ಕಾ, ನೀನು ಬರಲೇಬೇಕು. ಇಲ್ಲಿ ಚಳಿ. ಮದುವೆಗೆ ನೀಲಿ ಕೋಟು ಹಾಕ್ಕೋಬೇಕು ಅಂತ ಆಸೆ. ನೀನು ಹೊಲಿದರೆ ಹಾಕ್ಕೋತೀನಿ. ಇಲ್ಲದಿದ್ರೆ ಇರೋ ಹಳೇ ಸ್ವೆಟರಲ್ಲೇ ನಿಂತ್ಕೋತೀನಿ."

ಒಂಬತ್ತು ವರ್ಷದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಮಾತು, ಅದೂ ಆರ್ಡರು!

ನಿಂತ್ಕೊಳ್ಳಲಿ ಸ್ವೆಟರಲ್ಲೇ. ನಾನು ಮಾತು ಬಿಟ್ಟಿದ್ದು ಸುಮ್ಮನೆ ಅಲ್ಲ. ಅಮ್ಮ ಹೋದ ದಿನ ಬೆಳಿಗ್ಗೆ ಆರು ಗಂಟೆಗೇ ಫೋನು ಮಾಡಿಸಿದ್ದೆ. "ಹೊರಟೆ ಅಕ್ಕಾ, ಕಾಯಿ" ಅಂದಳು. ಕಾದೆವು. ಹನ್ನೆರಡಾಯಿತು, ಮೂರಾಯಿತು, ಐದಾಯಿತು. ಬರಲಿಲ್ಲ. ಬಂದಿದ್ದು ಮಾರನೇ ದಿನ ಹನ್ನೊಂದಕ್ಕೆ, ಎಲ್ಲಾ ಮುಗಿದ ಮೇಲೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ, "ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?" ಅಂತ. "ಒಂಬತ್ತು ಗಂಟೆ ದಾರಿ ಅಕ್ಕಾ" ಅಂದಳು. "ಸುಳ್ಳು ಹೇಳಬೇಡ" ಅಂದೆ. ಅದೇ ಕೊನೆ.

ಒಂಬತ್ತು ಗಂಟೆಯಂತೆ! ಅವಳು ಮೊದಲ ಸಲ ಆ ಊರಿಗೆ ಹೊರಟಾಗ ವಿಮಾನದ ಟಿಕೆಟ್ಟು ನೋಡಿದವಳು ನಾನು. ಬೆಳಿಗ್ಗೆ ಹತ್ತಕ್ಕೆ ಬಿಡುತ್ತೆ, ಮಧ್ಯಾಹ್ನ ಎರಡೂವರೆಗೆ ಇಳಿಯುತ್ತೆ. ಅಮ್ಮ ಬೆರಳು ಮಡಚಿ ಎಣಿಸಿದಳು. "ನಾಲ್ಕೂವರೆ ಗಂಟೆ! ಅಷ್ಟೇನಾ? ನಿಮ್ಮ ಭಾವನ ಬಸ್ಸು ಆಚೆ ಊರು ಮುಟ್ಟೋಕೂ ಅಷ್ಟೇ ಹೊತ್ತು ಹಿಡಿಯುತ್ತೆ" ಅಂತ ಅಳು ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಇವಳೂ ಪಕ್ಕದಲ್ಲೇ ಕೂತು ಹೂಂ ಅಂದಳಲ್ಲ? ಸಾಯೋವರೆಗೂ ಅಮ್ಮ ಬಂದೋರಿಗೆಲ್ಲಾ ಅದೇ ಹೇಳೋಳು, "ನನ್ನ ಚಿಕ್ಕೋಳು ದೂರ ಏನಿಲ್ಲ, ನಾಲ್ಕೂವರೆ ಗಂಟೆ."

ಇವರಿಗೆ ಹೇಳಿಬಿಟ್ಟೆ. ಹೋಗಲ್ಲ. ಹೊಲಿಯಲ್ಲ.

ಮಾರ್ಚ್ 5, ಬುಧವಾರ

ಟಿಕೆಟ್ಟು ಕಳಿಸಿದಾಳೆ. ಕೇಳಿದವರು ಯಾರು? ಏಪ್ರಿಲ್ ಒಂಬತ್ತಂತೆ. ಇವರು ಕನ್ನಡಕ ಹಾಕ್ಕೊಂಡು ಓದಿದರು. ಹೊರಡೋದು ಹತ್ತು ಗಂಟೆ, ಇಳಿಯೋದು ಎರಡೂವರೆ.

"ನೋಡಿದ್ರಾ?" ಅಂದೆ. "ಏನು?" ಅಂದರು. "ಇವತ್ತಿಗೂ ನಾಲ್ಕೂವರೆ ಗಂಟೆನೇ. ಅವಳ ಸುಳ್ಳು ಅವಳೇ ಅಚ್ಚು ಹಾಕಿಸಿ ಕಳಿಸಿದಾಳೆ."

ಹೋಗಲ್ಲ. ಇಲ್ಲಿ ಬರೆದಿಟ್ಟಿದ್ದೀನಿ, ಆಮೇಲೆ ಯಾರೂ ನನ್ನ ಕೇಳಬಾರದು.

ಮಾರ್ಚ್ 11, ಮಂಗಳವಾರ

ಭೂಗೋಳದ ಮೇಷ್ಟ್ರು ಪ್ಯಾಂಟು ತಗೊಂಡು ಹೋಗೋಕೆ ಬಂದರು. ಕಂಕುಳಲ್ಲಿ ಶಾಲೆಯ ಗೋಳ. ಅದರ ಸ್ಟ್ಯಾಂಡು ಮುರಿದಿತ್ತಂತೆ, ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಿದ್ದರು. ಔಷಧಿ ಅಂಗಡಿಯವನ ಬಾಯಿಂದ ಸುದ್ದಿ ಅವರಿಗೂ ಮುಟ್ಟಿದೆ.

"ಟೈಲರಮ್ಮ, ತಂಗಿ ಊರಿಗೆ ಹೊರಟಿರಂತೆ. ಎಷ್ಟು ದೂರ ಗೊತ್ತೇನ್ರೀ?" ಅಂತ ಗೋಳವನ್ನ ನನ್ನ ಕಟಿಂಗ್ ಮೇಜಿನ ಮೇಲೆ ಕೂರಿಸಿ, ಸ್ಕೇಲು ಕೇಳಿದರು.

ಉಬ್ಬಿದ ಮೈಗೆ ಸ್ಕೇಲು ಇಡೋರುಂಟಾ? ಹೊಟ್ಟೆ ಇರೋ ಗಿರಾಕಿಗೆ ಸ್ಕೇಲಲ್ಲಿ ಅಳೆದು ಅಂಗಿ ಹೊಲಿದರೆ ಗುಂಡಿ ಮುಖಕ್ಕೆ ಹಾರುತ್ತೆ. ಟೇಪು ತೆಗೆದೆ. ಮೈಯ ಮೇಲೆ ಒರಗಿಸಿ ಹಿಡಿಯಬೇಕು, ಎಳೀಬಾರದು. ಮೊದಲು ಸುತ್ತಳತೆ ತೆಗೆದೆ, ಅಭ್ಯಾಸ. ನಲವತ್ತು ಇಂಚು. ಭೂಮಿಯ ಸೊಂಟ ನಲವತ್ತು! ನನ್ನದೂ ನಲವತ್ತೇ. ಇಷ್ಟು ವರ್ಷ ಸುಮ್ಮನೆ ನಾಚಿಕೊಂಡೆ.

ಮೇಷ್ಟ್ರಿಗೆ ಖುಷಿಯೋ ಖುಷಿ. "ಭೂಮಿ ಸುತ್ತ ನಲವತ್ತು ಸಾವಿರ ಕಿಲೋಮೀಟರು. ನಿಮ್ಮ ಒಂದೊಂದು ಇಂಚೂ ಸಾವಿರ ಕಿಲೋಮೀಟರು. ಈಗ ಇಲ್ಲಿಂದ ಅಲ್ಲಿಗೆ ಹಿಡೀರಿ." ಹಿಡಿದೆ. ಗೋಡೆಯ ನಕಾಶೆಯಲ್ಲಿ ನೆಟ್ಟಗೆ ಕಾಣೋ ದಾರಿ ಟೇಪು ಇಟ್ಟರೆ ಮೇಲಿಂದ ಬಳಸಿ ಹೋಯಿತು. "ಭಲೇ! ಪೈಲಟ್ಟುಗಳೂ ಹಿಂಗೇ ಹೋಗೋದು" ಅಂದರು. ಏಳೂವರೆ ಇಂಚು ಬಂತು.

ಮೇಷ್ಟ್ರು ನನ್ನ ಚಾಕ್ ಪೀಸು ತಗೊಂಡು ನನ್ನ ಮೇಜಿನ ಮೇಲೇ ಲೆಕ್ಕ ಹಾಕಿದರು. ಏಳೂವರೆ ಸಾವಿರ ಕಿಲೋಮೀಟರು, ಗಂಟೆಗೆ ಎಂಟುನೂರೈವತ್ತರಂತೆ, ಹೆಚ್ಚುಕಮ್ಮಿ ಒಂಬತ್ತು ಗಂಟೆ.

ಒಂಬತ್ತು ಅನ್ನೋದು ಕೇಳಿದ್ದೇ ನನಗೆ ರೇಗಿಹೋಯಿತು. "ಟಿಕೆಟ್ಟಲ್ಲಿ ಹತ್ತಕ್ಕೆ ಬಿಟ್ಟು ಎರಡೂವರೆಗೆ ಇಳಿಯುತ್ತೆ ಅಂತ ಇದೆ ಮೇಷ್ಟ್ರೇ" ಅಂದೆ. "ಅದು ಹಂಗಲ್ಲಮ್ಮ, ಭೂಮಿ ತಿರುಗುತ್ತೆ ನೋಡಿ, ಅಲ್ಲಿಯ ಗಡಿಯಾರ..." ಅಂತ ಶುರು ಮಾಡಿದರು. "ನಿಮ್ಮ ಪ್ಯಾಂಟು ರೆಡಿ ಇದೆ, ಹಾಕಿ ನೋಡಿ ಬನ್ನಿ" ಅಂತ ಪರದೆ ಹಿಂದಕ್ಕೆ ಕಳಿಸಿದೆ. ಹೊಸ ಪ್ಯಾಂಟಿನ ಸಂತೋಷದಲ್ಲಿ ಭೂಮಿ ತಿರುಗೋದು ಮರೆತು ಹೋದರು.

ಅವರು ಹೋದ ಮೇಲೆ ಇನ್ನೊಂದು ಸಲ ಟೇಪು ಹಿಡಿದು ನೋಡೋಣ ಅನ್ನಿಸಿತು. ಗೋಳ ಹೊರಟುಹೋಗಿತ್ತು. ಇರಲಿ. ವಿಮಾನ ಗಂಟೆಗೆ ಸಾವಿರದ ಆರುನೂರು ಓಡುತ್ತೋ ಏನೋ. ಓಡಲಿ ಬಿಡು, ನನ್ನಪ್ಪನ ಗಂಟೇನು ಹೋಗುತ್ತೆ?

ಮಾರ್ಚ್ 14, ಶುಕ್ರವಾರ

ಲೈನಿಂಗ್ ಬಟ್ಟೆ ತರೋಕೆ ಪೇಟೆಗೆ ಹೋಗಿದ್ದೆ. ನೀಲಿ ಉಣ್ಣೆ ಬಟ್ಟೆ ಸುಮ್ಮನೆ ಮುಟ್ಟಿ ನೋಡಿದೆ. ಕೈಗೆ ಒಳ್ಳೇ ಮೆತ್ತಗೆ ಬಂತು.

ಮೂರು ಮೀಟರು ತಂದೆ. ಯಾರಿಗಾದರೂ ಆಗುತ್ತೆ.

ಮಾರ್ಚ್ 20, ಗುರುವಾರ

ಅವಳ ಅಳತೆ ಬಂದಿದೆ. ಎದೆ ಮೂವತ್ತೆಂಟು, ತೋಳು ಇಪ್ಪತ್ತೆರಡು, ಸೊಂಟ ಮೂವತ್ತು.

ಮೂವತ್ತಂತೆ! ನಗಬೇಕೋ ಅಳಬೇಕೋ. ಹದಿನೆಂಟನೇ ವಯಸ್ಸಿಂದ ಅವಳ ಸೊಂಟ ಮೂವತ್ತೇ. ಟೇಪು ಸುತ್ತಿದ ತಕ್ಷಣ ಉಸಿರು ಬಿಗಿಹಿಡಿದು ಹೊಟ್ಟೆಯನ್ನ ಬೆನ್ನಿಗೆ ಅಂಟಿಸಿಕೊಳ್ಳೋದು ಅವಳ ಹುಟ್ಟುಗುಣ. ಕಣ್ಣು ಹೊರಗೆ ಬಂದರೂ ಉಸಿರು ಬಿಡೋಳಲ್ಲ. ಆಮೇಲೆ ಲಂಗ ಬಿಗಿಯಾಯಿತು ಅಂತ ನನ್ನ ಮೇಲೇ ದೂರು. ಅಮ್ಮ ನನಗೇ ಬೈಯೋಳು.

ಮೂವತ್ತಕ್ಕೇ ಕತ್ತರಿಸಿ, ಹಾಕ್ಕೊಂಡು ಉಸಿರುಕಟ್ಟಿ ನಿಂತ್ಕೊಳ್ಳಲಿ, ಬುದ್ಧಿ ಬರುತ್ತೆ ಅಂತ ಚಾಕ್ ಎಳೆದೆ. ಕತ್ತರಿ ಹಾಕೋ ಹೊತ್ತಿಗೆ ಕೈ ಕೇಳಲಿಲ್ಲ. ಎರಡೂ ಪಕ್ಕಕ್ಕೆ ಎರಡೆರಡು ಇಂಚು ಬಟ್ಟೆ ಒಳಗೆ ಬಿಟ್ಟೇ ಕತ್ತರಿಸಿದೆ. ಬೇಕಾದರೆ ಆಮೇಲೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಬೆಳೆಯೋ ಮಕ್ಕಳ ಬಟ್ಟೆಗೆ ಬಿಡ್ತೀವಲ್ಲ, ಹಾಗೆ. ಅವಳ ಮೇಲಿನ ಪ್ರೀತಿಗಲ್ಲ, ಕಸುಬು ಹಾಗೆ.

ಇವರು ಬಂದು ನೋಡಿ, "ಹೊಲಿಯಲ್ಲ ಅಂದಿದ್ದೆ" ಅಂದರು. "ಹೊಲಿಯೋದು ಬೇರೆ, ಹೋಗೋದು ಬೇರೆ" ಅಂದೆ. ತುಟಿ ಕಚ್ಚಿ ನಗು ನುಂಗಿಕೊಂಡು ಆಚೆ ಹೋದರು.

ಮಾರ್ಚ್ 26, ಬುಧವಾರ

ವೀಸಾ ಕಚೇರಿ. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ಯಾರದೋ ಮನೆ ಬೀಗ ಮುರಿದವಳ ಹಾಗೆ ಕಾಣ್ತೀನಿ. ಕಿಟಕಿ ಹಿಂದಿದ್ದ ಹುಡುಗಿ ಕೇಳಿದಳು, "ಯಾಕೆ ಹೋಗ್ತಿದ್ದೀರಿ?"

"ಕೋಟು ಕೊಡೋಕೆ."

"ಪಾರ್ಸೆಲ್ ಮಾಡಬಹುದಲ್ಲ ಅಮ್ಮ?"

ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಇವರು ಹಿಂದೆ ನಿಂತು ಕೆಮ್ಮಿದರು. "ಟ್ರಯಲ್ ನೋಡಬೇಕು. ಟ್ರಯಲ್ ನೋಡದೆ ನಾನು ಯಾರಿಗೂ ಕೋಟು ಕೊಟ್ಟಿಲ್ಲ" ಅಂದೆ. "ಅವರು ನಿಮಗೆ ಏನಾಗಬೇಕು?" ಅಂದಳು. ತಂಗಿ ಅಂದೆ. ಕಚೇರಿಯವರು ಕೇಳಿದ ಮೇಲೆ ಹೇಳಲೇಬೇಕಲ್ಲ.

ಏಪ್ರಿಲ್ 2, ಬುಧವಾರ

ವೀಸಾ ಸಿಕ್ಕಿಬಿಟ್ಟಿದೆ. ಕೊಡಲ್ಲ ಅನ್ನುತ್ತಾರೆ ಅಂತ ಒಳಗೊಳಗೇ ಧೈರ್ಯವಾಗಿದ್ದೆ.

ಹೆದರಿಕೆ ಆಗ್ತಿದೆ. ಇದನ್ನ ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲ್ಲ. ಇವರ ಹತ್ತಿರ ಧೈರ್ಯ ಸಿಗಬಹುದು ಅಂತ ಬಾಯಿ ತೆಗೆದರೆ, ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಕೇಳಿದ ಪ್ರಶ್ನೆಗಳು ಇವು.

"ಮಧ್ಯೆ ಎಲ್ಲಿ ನಿಲ್ಲಿಸ್ತಾನೆ?"

"ನಿಲ್ಲಿಸಲ್ಲ."

"ಟೀಗೂ?"

"ರೀ, ಆಕಾಶದಲ್ಲಿ ಎಲ್ಲಿ ನಿಲ್ಲಿಸ್ತಾನೆ?"

"ಸ್ಟೆಪ್ನಿ ಎಲ್ಲಿಟ್ಟಿರ್ತಾನೆ?"

ಆಮೇಲೆ ಅವರೇ ಸಮಾಧಾನ ಮಾಡೋ ಹಾಗೆ, "ಹೋಗಲಿ ಬಿಡು, ನಾಲ್ಕೂವರೆ ಗಂಟೆ ತಾನೆ? ಕಣ್ಣು ಮುಚ್ಚಿ ತೆಗೆಯೋದರಲ್ಲಿ ಆಗುತ್ತೆ. ಹಿಂದಿನ ಸೀಟು ಮಾತ್ರ ಬೇಡ, ಕುಲುಕುತ್ತೆ. ಇಳಿದ ತಕ್ಷಣ ಫೋನು ಮಾಡು. ಎರಡೂವರೆಗೆ ನಾನು ಫೋನಿನ ಪಕ್ಕದಲ್ಲೇ ಕೂತಿರ್ತೀನಿ" ಅಂದರು.

ಹೌದು. ನಾಲ್ಕೂವರೆ ಗಂಟೆ ತಾನೆ. ಅಮ್ಮನ ಲೆಕ್ಕ.

ಏಪ್ರಿಲ್ 9, ಬುಧವಾರ. ವಿಮಾನದಲ್ಲಿ, ಹತ್ತೂಕಾಲು

ಹೊರಟಿದೆ. ಮೇಲಕ್ಕೆ ಏರೋವಾಗ ಪಕ್ಕದವರ ತೋಳು ಹಿಡಿದುಬಿಟ್ಟೆ. ಅವರು ಹಲ್ಲಿನ ಡಾಕ್ಟರಂತೆ. "ಪರವಾಗಿಲ್ಲ ಬಿಡಿ, ನನ್ನ ಕುರ್ಚಿಯಲ್ಲಿ ಕೂತೋರು ಇದಕ್ಕಿಂತ ಗಟ್ಟಿಯಾಗಿ ಹಿಡೀತಾರೆ" ಅಂದರು. ಈಗ ನಿದ್ದೆ ಹೋಗಿದಾರೆ. ಅವರ ಎಡಗೈ ತೋಳಿನ ಗುಂಡಿ ಇಲ್ಲ.

ತಪಾಸಣೆಯಲ್ಲಿ ನನ್ನ ಕತ್ತರಿ ಹಿಡಿದುಬಿಟ್ಟರು. ಆ ಹೆಂಗಸಿನ ಯೂನಿಫಾರ್ಮು ಭುಜದಲ್ಲಿ ಅರ್ಧ ಇಂಚು ಇಳಿಬಿದ್ದಿತ್ತು, ಅದನ್ನೇ ನೋಡ್ತಾ ಅವಳು ಕೇಳಿದ್ದು ಕಿವಿಗೇ ಬೀಳಲಿಲ್ಲ. "ಕತ್ತರಿ ಯಾಕೆ ತಂದಿರಿ?" ಅಂತ ಮೂರನೇ ಸಲ ಕೇಳಿದಳು. "ನಾನು ಟೈಲರು. ಡಾಕ್ಟರ ಹತ್ತಿರ ಸೂಜಿ ಯಾಕೆ ಅಂತ ಕೇಳ್ತೀರಾ?" ಅಂದೆ. ಕತ್ತರಿ ಅವರ ಪೆಟ್ಟಿಗೆಗೆ ಹೋಯಿತು. ಸೂಜಿ ದಾರ ಬಿಟ್ಟರು. ಕೋಟನ್ನ ಮಡಚಿದರೆ ಗೆರೆ ಬೀಳುತ್ತೆ ಅಂತ ತೊಡೆ ಮೇಲೇ ಇಟ್ಟುಕೊಂಡಿದ್ದೀನಿ.

ಕೈಗಡಿಯಾರ ಕಣ್ಣೆದುರಿಗಿದೆ. ಇನ್ನು ನಾಲ್ಕೂಕಾಲು ಗಂಟೆ.

ಹನ್ನೆರಡೂವರೆ

ತಂದಿದ್ದ ಬ್ರೆಡ್ಡು, ಎರಡು ಮೊಟ್ಟೆ, ಬಾಳೆಹಣ್ಣು ಎಲ್ಲಾ ಮುಗಿಸಿದೆ. ಅವರು ಕೊಟ್ಟಿದ್ದನ್ನೂ ತಿಂದೆ. ಇನ್ನೆರಡು ಗಂಟೆಯಲ್ಲಿ ಇಳಿಯೋದು, ಉಳಿಸಿಕೊಂಡು ಏನು ಮಾಡಲಿ?

ಇಳಿದ ಮೇಲೆ ಏನು ಹೇಳೋದು ಅಂತ ಯೋಚನೆ ಮಾಡಿಟ್ಟಿದ್ದೀನಿ. "ತಗೋ ಕೋಟು. ನಾಲ್ಕೂವರೆ ಗಂಟೆಯಲ್ಲಿ ಬಂದೆ ನೋಡು." ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಲ್ಲ.

ಎರಡೂ ಇಪ್ಪತ್ತು

ತಲೆ ಬಾಚಿಕೊಂಡು ಸಿದ್ಧವಾದೆ. ಚಪ್ಪಲಿ ಹಾಕ್ಕೊಂಡೆ. ಇದೇನು, ಜನ ಎಲ್ಲಾ ಇನ್ನೂ ಹೊದ್ದುಕೊಂಡು ಮಲಗಿದಾರೆ? ಇಳಿಯೋ ಊರು ಬಂದರೂ ಏಳದ ಜನ. ಇವರ ಬಸ್ಸಲ್ಲಿ ಆಗಿದ್ದರೆ ಕಂಡಕ್ಟರು ಹೆಗಲು ತಟ್ಟಿ ಎಬ್ಬಿಸೋನು.

ಮೂರು ಗಂಟೆ

ನಡೆದಿದ್ದು ನಡೆದ ಹಾಗೇ ಬರೀತೀನಿ.

ಸರಿಯಾಗಿ ಎರಡೂವರೆಗೆ ಎದ್ದೆ. ಕೋಟು ತೋಳಿನ ಮೇಲೆ, ಕೈಚೀಲ ಹೆಗಲಿಗೆ. ಬಾಗಿಲ ಹತ್ತಿರ ಹೋಗಿ ನಿಂತೆ. ಮೊದಲು ಇಳಿದರೆ ಒಳ್ಳೇದು ಅಂತ. ಗಗನಸಖಿ ಹುಡುಗಿ ಓಡಿ ಬಂದಳು.

"ಏನು ಬೇಕಿತ್ತಮ್ಮ?"

"ಏನೂ ಬೇಡ. ಇಳಿಯೋದು."

"ಎಲ್ಲಿ?"

"ಎಲ್ಲಿ ಅಂದ್ರೆ? ಊರು ಬರಲಿಲ್ವಾ? ಎರಡೂವರೆ ಆಯಿತಲ್ಲ."

ಆ ಹುಡುಗಿ ಪಾಪ ನಗಲಿಲ್ಲ. "ಅಮ್ಮಾ, ನಾವಿನ್ನೂ ಅರ್ಧ ದಾರಿಯಲ್ಲಿದ್ದೀವಿ. ಇನ್ನೂ ನಾಲ್ಕೂವರೆ ಗಂಟೆ ಇದೆ."

"ಅಯ್ಯೋ, ಲೇಟಾ?"

"ಇಲ್ಲಮ್ಮ, ಸರಿಯಾದ ಸಮಯಕ್ಕೇ ಹೋಗ್ತಿದೆ. ಒಟ್ಟು ಒಂಬತ್ತು ಗಂಟೆ ದಾರಿ."

ಗಡಿಯಾರ ತೋರಿಸಿದೆ, ಟಿಕೆಟ್ಟು ತೋರಿಸಿದೆ. ನನ್ನನ್ನ ಕರೆದುಕೊಂಡು ಬಂದು ಕೂರಿಸಿ, ಎದುರಿನ ಚಿಕ್ಕ ಪರದೆ ಹಾಕಿ ತೋರಿಸಿದಳು. ಬಿಳೀ ವಿಮಾನ, ಅದೇ ಬಳಸಿಕೊಂಡು ಹೋಗೋ ಗೆರೆ. ನನ್ನ ಟೇಪು ಮಲಗಿದ್ದ ಜಾಗದಲ್ಲೇ. ವಿಮಾನ ಗೆರೆಯ ಸರಿಯಾಗಿ ಮಧ್ಯದಲ್ಲಿತ್ತು.

ಐದು ಗಂಟೆ

ಸುಮ್ಮನೆ ಕೂರೋಕೆ ಆಗಲಿಲ್ಲ. ಡಾಕ್ಟರ ತೋಳಿಗೆ ಗುಂಡಿ ಹಾಕಿದೆ. ಚೀಲದಲ್ಲಿ ಹೊಂದೋ ಬಿಳೀ ಗುಂಡಿ ಇತ್ತು. ಕತ್ತರಿ ಇಲ್ಲವಲ್ಲ, ದಾರ ಹಲ್ಲಲ್ಲಿ ಕಡಿಯೋಕೆ ಬಗ್ಗಿದೆ. ಅವರಿಗೆ ಎಚ್ಚರ ಆಯಿತು. ಯಾರೋ ಹೆಂಗಸು ಮಣಿಕಟ್ಟು ಕಚ್ಚುತ್ತಿದ್ದರೆ ಯಾರಿಗಾದರೂ ಗಾಬರಿಯಾಗುತ್ತೆ. ಗುಂಡಿ ತೋರಿಸಿದ ಮೇಲೆ ಉಸಿರು ಬಿಟ್ಟು, ನನ್ನ ಹಲ್ಲು ನೋಡಿ "ಮೇಲಿನ ಬಲಗಡೆಯದು ಸವೆದಿದೆ, ದಾರ ಕಡಿಯೋದು ಬಿಡಿ" ಅಂದರು.

ಅವರೇ ಬಿಡಿಸಿ ಹೇಳಿದರು. ಆ ಊರು ಪಶ್ಚಿಮಕ್ಕಿದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಹೊರಡೋದು ನಮ್ಮ ಗಡಿಯಾರದ್ದು, ಇಳಿಯೋದು ಅವರ ಗಡಿಯಾರದ್ದು. ನಮಗೆ ಕತ್ತಲಾದಾಗ ಅವಳಿಗೆ ಇನ್ನೂ ಬೆಳಕಿರುತ್ತೆ ಅಂತ ನನಗೆ ಗೊತ್ತಿತ್ತು. ಅದನ್ನ ಟಿಕೆಟ್ಟಿಗೆ ಕೂಡಿಸಬೇಕು ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೋ, ಮೇಷ್ಟ್ರು ಹೇಳೋಕೆ ಬಂದಾಗ ಪ್ಯಾಂಟು ಕೊಟ್ಟು ಪರದೆ ಹಿಂದಕ್ಕೆ ಕಳಿಸಿದೆನೋ.

ಇಷ್ಟು ಹೊತ್ತಾದರೂ ಕಿಟಕಿಯಲ್ಲಿ ಸೂರ್ಯ ಅಲ್ಲೇ ಇದಾನೆ. ಟಿಕೆಟ್ಟಿಲ್ಲದೆ ನಮ್ಮ ಜೊತೆಗೇ ಬರ್ತಿದಾನೆ.

ಆರು ಗಂಟೆ

ಲೆಕ್ಕ ಹಾಕಿದೆ. ಆವತ್ತು ನಾನು ಆರಕ್ಕೆ ಫೋನು ಮಾಡಿಸಿದಾಗ ಅವಳಿಗೆ ನಡುರಾತ್ರಿ ಒಂದೂವರೆ. ಬೆಳಗಾಗಬೇಕು, ಟಿಕೆಟ್ಟು ಸಿಗಬೇಕು. ಸಂಜೆ ವಿಮಾನ ಸಿಕ್ಕಿದ್ದರೂ ಒಂಬತ್ತು ಗಂಟೆ ದಾರಿ. ಮಾರನೇ ದಿನ ಹನ್ನೊಂದಕ್ಕಿಂತ ಮುಂಚೆ ಬರೋಕೆ ರೆಕ್ಕೆ ಇದ್ದರೂ ಆಗುತ್ತಿರಲಿಲ್ಲ. ಮೂರು ಸಲ ಕೂಡಿ ಕಳೆದೆ. ಅಷ್ಟೇ ಬಂತು.

ಆ ಒಂಬತ್ತು ಗಂಟೆ ಅವಳೂ ಹೀಗೇ ಕೂತಿದ್ದಳು. ಪಕ್ಕದಲ್ಲಿ ಗುಂಡಿ ಹಾಕೋಕೆ ಡಾಕ್ಟರಾದರೂ ಇದ್ದರೋ ಇಲ್ಲವೋ.

ಸಂಜೆ ಐದಕ್ಕೆ ಚಿಕ್ಕಪ್ಪ ನನ್ನನ್ನೇ ಕೇಳಿದ್ದರು, "ದೊಡ್ಡವಳು ನೀನು, ಹೇಳು, ಅವಳಿಗೆ ಕಾಯೋಣವಾ?" ಅಂತ. "ನಾಲ್ಕೂವರೆ ಗಂಟೆ ದಾರಿ. ಬರೋಳಾಗಿದ್ದರೆ ಬರ್ತಿದ್ದಳು. ನಡೀರಿ" ಅಂದವಳು ನಾನು. ಇದನ್ನ ಈ ಪುಸ್ತಕದಲ್ಲೂ ಬರೆದಿರಲಿಲ್ಲ.

ಏಪ್ರಿಲ್ 10, ಗುರುವಾರ. ತಂಗಿಯ ಮನೆ

ಇಲ್ಲಿಯ ಗಡಿಯಾರದಲ್ಲಿ ಈಗ ಬೆಳಿಗ್ಗೆ ಎಂಟು. ನನ್ನ ಕೈಗಡಿಯಾರ ಹನ್ನೆರಡೂವರೆ ಅನ್ನುತ್ತಿದೆ. ತಿರುಗಿಸಿಲ್ಲ. ಎರಡೂ ಬೇಕು.

ನಿನ್ನೆ ಹೊರಗೆ ಬರುತ್ತಲೇ ಕಂಡಳು. ಕೂದಲು ಬೆಳ್ಳಗಾಗಿದೆ. ಪಕ್ಕದಲ್ಲಿ ಗುಂಡಗೆ ಒಬ್ಬ ಮನುಷ್ಯ, ಹುಬ್ಬಿನ ಮೇಲೆ ಹಿಟ್ಟು. ಗುರುತು ಹೇಳೋದೇ ಬೇಡ. ಇಬ್ಬರೂ ಎದುರಿಗೆ ಬಂದು ನಿಂತೆವು. ಸಿದ್ಧ ಮಾಡಿಟ್ಟ ಮಾತು ಅರ್ಧ ದಾರಿಯಲ್ಲೇ ಕೆಲಸಕ್ಕೆ ಬಾರದ್ದಾಗಿತ್ತು.

"ಪ್ರಯಾಣ ಚೆನ್ನಾಗಾಯ್ತಾ ಅಕ್ಕಾ?" ಅಂದಳು.

"ನಿಮ್ಮ ಭಾವಂಗೆ ಫೋನು ಮಾಡಬೇಕು" ಅಂದೆ.

ಅವಳ ಫೋನಿಂದಲೇ ಮಾಡಿಕೊಟ್ಟಳು. ಗದ್ದಲ ಅಂತ ಸ್ಪೀಕರ್ ಹಾಕಿದಳು. ನಮ್ಮೂರಲ್ಲಿ ಆಗ ಏಳೂಮುಕ್ಕಾಲು. ಎರಡೂವರೆಯಿಂದ ಫೋನಿನ ಪಕ್ಕದಲ್ಲಿ ಕೂತ ಮನುಷ್ಯ. ಒಂದೇ ಸಲ ರಿಂಗಾಯಿತು, ಬಸ್ಸಿನ ಹಾರ್ನು ಇಡೀ ವಿಮಾನ ನಿಲ್ದಾಣಕ್ಕೆ ಕೇಳಿಸಿತು.

"ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?"

ಅದೇ ಮಾತು. ಅಕ್ಷರ ಹೆಚ್ಚುಕಮ್ಮಿ ಇಲ್ಲ.

"ರೀ, ಒಂಬತ್ತು ಗಂಟೆ ದಾರಿ ಕಣ್ರೀ..."

"ಸುಳ್ಳು ಹೇಳಬೇಡ! ನಾಲ್ಕೂವರೆ ಅಂತ ನೀನೇ ಬಡ್ಕೊಂಡಿದ್ದೆ! ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ! ಔಷಧಿ ಅಂಗಡಿಯವನು ಎರಡು ಸಲ ಬಿ.ಪಿ. ನೋಡಿದ!" ಆಮೇಲೆ ಹಾರ್ನು ನಿಂತು ಹೋಯಿತು. ಆ ಕಡೆಯಿಂದ ಮೂಗು ಎಳೆಯೋದು ಕೇಳಿಸಿತು. "ಇದೀಯಲ್ಲ. ಸರಿ ಬಿಡು. ಊಟ ಮಾಡ್ತೀನಿ."

ಫೋನು ಇಟ್ಟೆ. ತಲೆ ಎತ್ತೋಕೆ ಆಗಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಅಳ್ತಿದಾಳೆ ಅಂದುಕೊಂಡೆ. ಭುಜ ಕುಲುಕ್ತಿತ್ತು. ನೋಡಿದರೆ ನಗು! ತಡೆಯೋಕಾಗದೆ ಕೋಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ಕೋಟು ಒದ್ದೆ ಮಾಡಬೇಡವೇ, ಉಣ್ಣೆ ಅದು" ಅಂದೆ. ಒಂಬತ್ತು ವರ್ಷದ ಮೇಲೆ ಅವಳಿಗೆ ಬೈದೆ. ನನಗೂ ನಗು ಬಂತು, ಆಮೇಲೆ ಅಳು ಬಂತು. ಬೇಕರಿಯವರು ನಮ್ಮಿಬ್ಬರಲ್ಲಿ ಯಾರಿಗೆ ಕರವಸ್ತ್ರ ಕೊಡೋದು ಅಂತ ಗೊತ್ತಾಗದೆ ಅದನ್ನ ಅರ್ಧ ಹರಿಯೋಕೆ ಹೋದರು.

ಅವರ ಬ್ರೆಡ್ಡಿನ ವ್ಯಾನಿನಲ್ಲಿ ಬಂದೆವು. ಇಬ್ಬರೂ ಹಿಂದೆ, ಖಾಲಿ ಟ್ರೇಗಳ ಮಧ್ಯೆ.

"ಅಮ್ಮ ಎಣಿಸಿದಾಗ ನಿನಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಗೊತ್ತಿತ್ತು ಅಕ್ಕಾ. ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅಮ್ಮ ಕಣ್ಣು ಒರೆಸ್ಕೊಂಡುಬಿಟ್ಟಳು. ನಾಲ್ಕೂವರೆ ಅಂತ ಅಷ್ಟು ಸಮಾಧಾನ ಆಗಿದ್ದೋಳಿಗೆ ಒಂಬತ್ತು ಅಂತ ಹೇಗೆ ಹೇಳಲಿ? ಹೂಂ ಅಂದೆ. ಆಮೇಲೆ ಯಾವಾಗ ಹೇಳೋಣ ಅಂದ್ರೂ ಆಗಲಿಲ್ಲ."

ವ್ಯಾನು ಎರಡು ಸಿಗ್ನಲ್ಲು ದಾಟಿತು.

"ಆವತ್ತು ಕಾಯೋದು ಬೇಡ, ನಡೀರಿ ಅಂದವಳು ನಾನು ಕಣೇ."

"ಗೊತ್ತು. ಚಿಕ್ಕಪ್ಪ ಆವತ್ತೇ ಹೇಳಿದ್ರು."

ಒಂಬತ್ತು ವರ್ಷದಿಂದ ಗೊತ್ತು. ಗೊತ್ತಿದ್ದೂ ವರ್ಷಕ್ಕೊಂದು ಸಲ ಇವರ ಫೋನಿಗೆ "ಅಕ್ಕ ಹೇಗಿದಾಳೆ ಭಾವ?" ಅಂತ ಕಳಿಸ್ತಾ ಇದ್ದಳಂತೆ. ಇವರು ನನಗೆ ಹೇಳೋಕೆ ಹೆದರಿ ಅಳಿಸಿಹಾಕ್ತಿದ್ದರಂತೆ. ಊರಿಗೆ ಹೋದ ಮೇಲೆ ಇವರಿಗಿದೆ.

ಅವಳ ಕೈ ಹಿಡಿದುಕೊಂಡೆ. ವ್ಯಾನು ಕುಲುಕ್ತಿತ್ತು, ಹಿಂದಿನ ಸೀಟಲ್ಲವಾ.

ಏಪ್ರಿಲ್ 11, ಶುಕ್ರವಾರ

ಮದುವೆ ಹನ್ನೊಂದಕ್ಕೆ. ಈಗ ಒಂಬತ್ತು. ಮನೆ ತುಂಬಾ ಬ್ರೆಡ್ಡಿನ ವಾಸನೆ. ಮದುಮಗ ತನ್ನ ಮದುವೆಯ ಕೇಕನ್ನ ತಾನೇ ಮಾಡ್ತೀನಿ ಅಂತ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹೋದೋರು, ಇನ್ನೂ ಬಂದಿಲ್ಲ.

ನಿನ್ನೆ ಟ್ರಯಲ್ ನೋಡಿದೆ. ಭುಜ ಸರಿ, ತೋಳು ಸರಿ. ಗುಂಡಿ ಮಾತ್ರ ತೂತಿಗೆ ಎಟುಕಲಿಲ್ಲ. ಟೇಪು ತೆಗೆದೆ. ಸುತ್ತಿದ್ದೇ ತಡ, ಮುಖ ಕೆಂಪಗೆ ಮಾಡಿಕೊಂಡು ಹೊಟ್ಟೆ ಒಳಗೆ ಎಳೆದಳು. ಐವತ್ತೆರಡು ವರ್ಷ!

"ಉಸಿರು ಬಿಡೇ" ಅಂದೆ.

ತಲೆ ಅಲ್ಲಾಡಿಸಿದಳು.

"ಗುಬ್ಬೀ, ಉಸಿರು ಬಿಡು. ನಿನಗೆ ಬೇಕಾದಷ್ಟು ಬಟ್ಟೆ ಒಳಗೆ ಬಿಟ್ಟಿದ್ದೀನಿ."

ನನ್ನ ಮುಖ ನೋಡಿದಳು. ಚಿಕ್ಕಂದಿನ ಆ ಹೆಸರು ಯಾವಾಗ ಬಾಯಿಗೆ ಬಂತೋ ಗೊತ್ತಿಲ್ಲ. ನಿಧಾನವಾಗಿ ಉಸಿರು ಬಿಟ್ಟಳು. ಪಕ್ಕದ ಹೊಲಿಗೆಗಳನ್ನ ಬಿಚ್ಚಿ, ಎರಡೆರಡು ಇಂಚೂ ಪೂರ್ತಿ ಬಿಟ್ಟು, ಮತ್ತೆ ಹೊಲಿದೆ. ದಾರ ಅವಳ ಮನೆಯ ಕತ್ತರಿಯಲ್ಲೇ ಕತ್ತರಿಸಿದೆ. ಗುಂಡಿ ಸಲೀಸಾಗಿ ಕೂತವು.

ಅಳತೆಯನ್ನ ಮುಂದಿನ ಹಾಳೆಯಲ್ಲಿ, ಗಿರಾಕಿಗಳ ಜೊತೆ ಬರೆಯೋಕೆ ಮನಸ್ಸಾಗಲಿಲ್ಲ. ಇಲ್ಲೇ ಬರೆದಿಡ್ತೀನಿ.

ಗುಬ್ಬಿ. ಎದೆ ಮೂವತ್ತೆಂಟು. ತೋಳು ಇಪ್ಪತ್ತೆರಡು. ಸೊಂಟ ಮೂವತ್ತನಾಲ್ಕು, ಉಸಿರು ಬಿಟ್ಟು. ದಾರಿ ಒಂಬತ್ತು ಗಂಟೆ, ನಾನೇ ಅಳೆದಿದ್ದು.